ಚೀಟಿ ಅಕ್ಕನ ಸ್ಟೂಲು

ನಾನು ಆಸ್ಪತ್ರೆಯ ಸರ್ವರ್‌ಗಳನ್ನು ನೋಡಿಕೊಳ್ಳುವವನು, ದೆವ್ವ ನೋಡಿದವನಲ್ಲ.

ಮೊದಲೆಲ್ಲ ಲ್ಯಾಬಿನ ವರದಿಗಳನ್ನು ವಾರ್ಡಿಗೆ ಮುಟ್ಟಿಸುತ್ತಿದ್ದವಳು ಚೀಟಿ ಅಕ್ಕ. ವಾರ್ಡಿನಲ್ಲಿ ಯಾರೂ ಇಲ್ಲದಿದ್ದರೆ, ಯಾರಾದರೂ ಬರುವ ತನಕ ಚೀಟಿ ಹಿಡಿದು, ಲವಂಗ ಅಗಿಯುತ್ತಾ ತನ್ನ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಸ್ಟೂಲು ಸರ್ವರ್ ಕೋಣೆಯ ಮೂಲೆ ಸೇರಿತು, ಲ್ಯಾಬಿನ ಸರ್ವರನ್ನು ವಾರ್ಡಿನದಕ್ಕೆ ನೇರ ಜೋಡಿಸಿದೆವು. ವಾರ್ಡಿನ ಸರ್ವರ್ ಕೆಟ್ಟು ಮಲಗಿದಾಗಲೆಲ್ಲ ವರದಿಗಳು ಮಾಯ. ಒಬ್ಬ ರೋಗಿಗೆ ರಕ್ತ ಕೊಡುವುದೇ ತಡವಾಯಿತು.

“ನಡುವೆ ಮೆಸೇಜ್ ಬ್ರೋಕರ್ ಅನ್ನೋ ಸಾಫ್ಟ್‌ವೇರ್ ಬೇಕು ಸಾರ್,” ಎಂದೆ.

“ಇರೋದೇ ಎರಡು ಸರ್ವರ್. ಅದಕ್ಕೊಬ್ಬ ದಲ್ಲಾಳಿ ಬೇರೆ ಕೇಡು!” ಎಂದರು ಮ್ಯಾನೇಜರು.

“ಆ ಕಡೆಯೋರು ಏಳೋ ತನಕ ಇಟ್ಕೊಂಡು ಕಾಯೋರು ಒಬ್ರು ಬೇಕಲ್ಲ ಸಾರ್.”

ಗೊಣಗುತ್ತಲೇ ಒಪ್ಪಿದರು.

ಬ್ರೋಕರನ್ನು ಅಳವಡಿಸಿ, ಮಧ್ಯಾಹ್ನ ಅವರೆದುರೇ ಪರೀಕ್ಷೆಗೆಂದು ವಾರ್ಡಿನ ಸರ್ವರ್ ನಿಲ್ಲಿಸಿ ಹನ್ನೊಂದು ವರದಿ ಕಳಿಸಿದೆ. ತಣ್ಣನೆಯ ಏಸಿ ಕೋಣೆಯಲ್ಲಿ ಲವಂಗದ ವಾಸನೆ ತೇಲಿತು. ಗಂಟೆ ಬಿಟ್ಟು ಸರ್ವರ್ ಎಬ್ಬಿಸಿದರೆ ಹನ್ನೊಂದೂ ಸಾಲಾಗಿ ಬಂದಿಳಿದವು. ಮ್ಯಾನೇಜರು ಬೆನ್ನು ತಟ್ಟಿ ಹೋದರು.

ಆಮೇಲೆ ಪರದೆ ನೋಡಿದೆ. ಬ್ರೋಕರನ್ನು ನಾನು ಚಾಲೂ ಮಾಡಿಯೇ ಇರಲಿಲ್ಲ. ಮೂಲೆಯಲ್ಲಿದ್ದ ಅಕ್ಕನ ಸ್ಟೂಲು ಮುಟ್ಟಿದೆ, ಬೆಚ್ಚಗಿತ್ತು.

ವರ್ಷವಾಯಿತು. ಒಂದು ವರದಿಯೂ ಕಳೆದಿಲ್ಲ, ನಾನೂ ನೆಮ್ಮದಿಯಾಗಿದ್ದೇನೆ. ಬ್ರೋಕರನ್ನು ಮಾತ್ರ ಇವತ್ತಿಗೂ ಚಾಲೂ ಮಾಡಿಲ್ಲ.