ದೇವರ ಮನೆಯ ದೋಣಿ ಹಾಡು

ಕೀರ್ತನೆಯ ಎರಡನೇ ಸಾಲಿಗೆ ಬರುವಷ್ಟರಲ್ಲಿ ಬಿಂದುಶ್ರೀ ಕಣ್ಣು ತೆರೆದಳು. ತೆರೆಯಬಾರದಿತ್ತು.

ತನ್ನನ್ನು ನೋಡಲು ಬಂದಿದ್ದ ಹುಡುಗ ಎದುರಿನ ಸೋಫಾದಲ್ಲಿ ಕುಳಿತಿದ್ದ. ಅವನ ತುಟಿ ಅಲುಗುತ್ತಿತ್ತು. ಅವಳ ಜೊತೆಗೇ, ಅವಳ ರಾಗಕ್ಕೇ... ಆದರೆ ಮಾತು ಕೀರ್ತನೆಯದಲ್ಲ. ಅವನು ಗುನುಗುತ್ತಿದ್ದುದು ಸಿನಿಮಾ ಹಾಡು. ಬೆಳದಿಂಗಳಲ್ಲಿ ನಾಯಕ ನಾಯಕಿ ದೋಣಿ ಹತ್ತಿ ಹೋಗುವ, ಊರಿಗೆಲ್ಲ ಬಾಯಿಪಾಠವಾಗಿದ್ದ ಆ ಹಳೆಯ ದೋಣಿ ಹಾಡು.

ಪಕ್ಕದಲ್ಲಿದ್ದ ಅವನ ತಾಯಿ ಗೋವಿಂದಮ್ಮ ಮಗನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಇಬ್ಬರೂ ನಕ್ಕರು. ತಾಯಿಯಂತೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹೆಗಲು ಕುಲುಕುವಷ್ಟು ನಕ್ಕರು. ಹುಡುಗನ ಅಜ್ಜಿ ಮಂಗಮ್ಮ ಮಾತ್ರ ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಕೈ ಮುಗಿದು ಕುಳಿತಿದ್ದರು.

ಬಿಂದುಶ್ರೀಯ ದನಿ ಅಲ್ಲಿಗೇ ನಿಂತಿತು.

"ಯಾಕಮ್ಮ, ಮರೆತ್ಹೋಯ್ತಾ?" ಅಪ್ಪ ಬೋರಣ್ಣ ಮೆಲ್ಲಗೆ ಕೇಳಿದರು.

"ಇಲ್ಲಪ್ಪ. ಇಷ್ಟು ಸಾಕು ಅನ್ನಿಸ್ತು."

ಕಾಫಿ ಮುಗಿಯಿತು, ಉಪ್ಪಿಟ್ಟು ಕೇಸರಿಬಾತು ಮುಗಿಯಿತು. ಹೊರಡುವಾಗ ಹುಡುಗ ಬಾಗಿಲಲ್ಲಿ ಒಂದು ಕ್ಷಣ ನಿಂತ. ಹೆಸರು ಸಿದ್ಧಾರ್ಥ. ಇಟ್ಟಮಡುವಿನಲ್ಲಿ ಬಣ್ಣದ ಅಂಗಡಿ.

"ಮೇಡಂ... ಮಿಕ್ಕಿದ್ದು ಹಾಡಲ್ವಾ?"

"ಮಿಕ್ಕಿದ್ದು ನಿಮಗೇ ಗೊತ್ತಿದೆಯಲ್ಲ."

ಅವನ ಮುಖ ಬಾಡಿತು. ಅದನ್ನು ಅವಳು ನೋಡಿದಳು. ನೋಡಿಯೂ ನೋಡದವಳಂತೆ ಒಳಗೆ ಹೋದಳು.

ಇಷ್ಟು ಚಿಕ್ಕದಕ್ಕೆ ಇಷ್ಟು ಕೋಪವೇ ಎಂದು ನೀವು ಕೇಳಬಹುದು. ಆದರೆ ಕತ್ರಿಗುಪ್ಪೆಯ ಹಳೆಯ ಊರಿನ ಆ ಮನೆಯಲ್ಲಿ ಎಮ್ಮೆ ಇದ್ದವು, ರಾಗಿ ಕಣಜ ಇತ್ತು, ಸಂಗೀತ ಇರಲಿಲ್ಲ. ಏಳು ವರ್ಷದ ಹುಡುಗಿ ಹಠ ಹಿಡಿದಾಗ ಬೋರಣ್ಣ ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹನುಮಂತನಗರದ ಗೌರೀಶಂಕರ ಮೇಷ್ಟ್ರ ಮನೆಗೆ ಕರೆದೊಯ್ದಿದ್ದರು. "ಕಲಿಸ್ತೀನಿ. ಸಿನಿಮಾ ಹಾಡು ಮಾತ್ರ ಬಾಯಿಗೆ ಬರಬಾರದು," ಎಂದಿದ್ದರು ಮೇಷ್ಟ್ರು. ಆ ಮಾತನ್ನು ಅವಳು ಇವತ್ತಿಗೂ ಮೀರಿಲ್ಲ.

ಹೋದ ವರ್ಷ ಬನಶಂಕರಿಯ ಛತ್ರವೊಂದರ ಆರತಕ್ಷತೆಯಲ್ಲಿ ಅವಳ ಕಛೇರಿ ಇತ್ತು. ಆಭೇರಿ ರಾಗದ ಇದೇ ಕೀರ್ತನೆಯನ್ನು ಹಾಡುತ್ತಿದ್ದಾಗ ಯಾರೋ ವೇದಿಕೆಗೆ ಚೀಟಿ ಕಳಿಸಿದರು. 'ದಯವಿಟ್ಟು ದೋಣಿ ಹಾಡು ಹಾಡಿ.' ಆ ದೋಣಿ ಹಾಡಿಗೆ ರಾಗ ಸಾಲ ಕೊಟ್ಟದ್ದೇ ಈ ಕೀರ್ತನೆ! ಮಗನನ್ನು ಮುಂದೆ ನಿಲ್ಲಿಸಿಕೊಂಡು ತಾಯಿಯನ್ನು ನೀನು ಯಾರು ಎಂದು ಕೇಳಿದ ಹಾಗಾಗಿತ್ತು ಅವಳಿಗೆ. ಆ ಗಾಯ ಒಣಗುವ ಮೊದಲೇ, ತನ್ನ ಮನೆಯ ನಡುಮನೆಯಲ್ಲೇ ಇವನು ಗುನುಗಿ ನಕ್ಕಿದ್ದ.

"ನನಗೆ ಬೇಡಪ್ಪ," ಎಂದಳು ಸಂಜೆ.

ಬೋರಣ್ಣ ಕಾರಣ ಕೇಳಲಿಲ್ಲ. ಮದುವೆ ಬ್ರೋಕರ್ ಕಿಟ್ಟಿಗೆ ಫೋನ್ ಮಾಡಿ, ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದನ್ನೇ ಹೇಳಿದರು. "ಜಾತಕ ಕೂಡಿಬರ್ಲಿಲ್ಲ ಅಂದ್ಬಿಡಪ್ಪ. ಬೇಜಾರು ಮಾಡ್ಕೊಬಾರ್ದು ಅಂತ ಹೇಳು."

ಜಾತಕವನ್ನು ಯಾರೂ ಬಿಚ್ಚಿಯೂ ನೋಡಿರಲಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಒಂದು ಮಂಗಳವಾರ ಸಂಜೆ, ಬಿಂದುಶ್ರೀ ಮನೆಯಲ್ಲೇ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದಾಗ ಬಾಗಿಲಲ್ಲಿ ನೆರಳಾಯಿತು. ನೋಡಿದರೆ ಗೋವಿಂದಮ್ಮ! ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ.

"ಪಾಠ ಹೇಳಿಸ್ಕೊಳಕ್ಕೆ ಬಂದೆ ಕಣಮ್ಮ."

ಬಿಂದುಶ್ರೀ ಎದ್ದು ನಿಂತಳು. "ಆಂಟಿ, ಅದೂ... ಅವತ್ತು..."

"ಜಾತಕ ತಾನೇ ಕೂಡ್ಲಿಲ್ಲ? ಅದು ನಿನ್ ತಪ್ಪಾ, ನನ್ ತಪ್ಪಾ? ಸಂಗೀತಕ್ಕೆ ಯಾರೂ ಜಾತಕ ಕೇಳಲ್ವಲ್ಲ."

ಮಕ್ಕಳು ಕಿಸಕ್ಕೆಂದವು. ಗುರುವಿಗೆಂದು ಹಿಡಿದು ಬಂದ ತಟ್ಟೆಯನ್ನು ಬೇಡ ಎನ್ನಲು ಬಿಂದುಶ್ರೀಗೆ ಬಾಯಿ ಬರಲಿಲ್ಲ.

ಗೋವಿಂದಮ್ಮ ಮಕ್ಕಳ ಸಾಲಿನಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು. ಅವರ ಸರಿಗಮ ರಸ್ತೆಯಲ್ಲಿ ಹೋಗುವ ಸೊಪ್ಪಿನವನನ್ನು ಕೂಗಿದ ಹಾಗಿರುತ್ತಿತ್ತು. ತಾಳ ತಪ್ಪಿದರೆ ತೊಡೆಗೇ ಬೈಯುತ್ತಿದ್ದರು. ಆದರೆ ಕೆಲವೊಮ್ಮೆ, ಯಾರೂ ಕೇಳುತ್ತಿಲ್ಲ ಎಂದುಕೊಂಡಾಗ, ಅವರ ಗಂಟಲಿನಿಂದ ಒಂದು ಮೆತ್ತನೆಯ ಎಳೆ ಹೊರಡುತ್ತಿತ್ತು. ಬಿಂದುಶ್ರೀ ಅದಕ್ಕೆ ಕಿವಿಗೊಡುತ್ತಿದ್ದಳು.

ತಾಯಿಯನ್ನು ಬಿಡಲು ಸಿದ್ಧಾರ್ಥ ಬರುತ್ತಿದ್ದ. ಪಾಠ ಮುಗಿಯುವವರೆಗೂ ಎದುರಿನ ಹೊಂಗೆ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಗೇಟಿನಿಂದ ಒಳಗೆ ಒಮ್ಮೆಯೂ ಹೆಜ್ಜೆ ಇಡಲಿಲ್ಲ, ಮಳೆ ಹಿಡಿದುಕೊಂಡ ಆ ಸಂಜೆಯವರೆಗೆ.

"ಒಳಗೆ ಬನ್ನಿ. ನೆನೀತಿದೀರ," ಎಂದಳು ಬಿಂದುಶ್ರೀ.

"ಪರವಾಗಿಲ್ಲ ಮೇಡಂ, ಇಲ್ಲೇ..."

"ನಿಮಗೆ ಜ್ವರ ಬಂದ್ರೆ ನನ್ನ ಸ್ಟೂಡೆಂಟ್ ಕ್ಲಾಸ್ ತಪ್ಪಿಸ್ತಾರೆ."

ಅವನು ನಕ್ಕು, ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆ ಪಕ್ಕ ನಿಂತ. ನಿಂತವನ ಕೈ ತಾನಾಗಿ ಗೋಡೆಯನ್ನು ಸವರಿತು.

"ಈ ಗೋಡೆ ನೀರು ಕುಡಿದಿದೆ ಮೇಡಂ. ಹಬ್ಬ ಬಂತು ಅಂತ ಈಗಲೇ ಬಣ್ಣ ಬಳಿಸ್ಬೇಡಿ. ತೇವದ ಮೇಲೆ ಬಳಿದ್ರೆ ನಿಲ್ಲಲ್ಲ. ಒಣಗಕ್ಕೆ ಟೈಮ್ ಕೊಡಿ."

"ಒಣಗಿದ್ದು ಹೇಗೆ ಗೊತ್ತಾಗುತ್ತೆ?"

"ಅಂಗೈ ಇಟ್ಟು ನೋಡಿ. ತಣ್ಣಗಿರಬಾರದು."

ಎಂಥ ಸಾದಾ ಮಾತು! ಆದರೂ ಅವರು ಹೋದ ಮೇಲೆ ಬಿಂದುಶ್ರೀ ಅವನ ಕೈ ತಗುಲಿದ್ದ ಜಾಗದಲ್ಲೇ ತನ್ನ ಅಂಗೈ ಇಟ್ಟಳು. ತಣ್ಣಗಿತ್ತು. ಮುಂದಿನ ಮಂಗಳವಾರ ಸ್ಕೂಟರಿನ ಸದ್ದಿಗೆ ತಾನು ಕಿವಿ ನಿಮಿರಿಸಿ ಕೂತಿದ್ದೇನೆ ಎಂಬುದು ಅವಳಿಗೇ ಅರಿವಾಗಿ, ಮಕ್ಕಳ ಮೇಲೆ ಸುಮ್ಮನೆ ರೇಗಿದಳು.

'ಇವನೇ ಅಲ್ಲವೇ ಅವತ್ತು ನಕ್ಕವನು? ಮತ್ತೇಕೆ ಹೀಗೆ...'

ದಸರಾ ಮುಗಿದ ವಾರ ಮಕ್ಕಳು ಯಾರೂ ಬಂದಿರಲಿಲ್ಲ. ಗೋವಿಂದಮ್ಮ ಒಬ್ಬರೇ.

"ಇವತ್ತು ಆ ಕೀರ್ತನೆ ಹೇಳ್ಕೊಡು. ಅವತ್ತು ಹಾಡಿದ್ಯಲ್ಲ, ಅದು."

ಬಿಂದುಶ್ರೀ ಹೇಳಿಕೊಟ್ಟಳು. ಮೊದಲ ಸಾಲು ಸರಿಯಾಗಿಯೇ ಬಂತು. ಎರಡನೆಯದಕ್ಕೆ ಬರುವಾಗ ಗೋವಿಂದಮ್ಮ ಕಣ್ಣು ಮುಚ್ಚಿದ್ದರು, ದೇವರ ಹೆಸರು ಬರಬೇಕಾದ ಕಡೆ ದೋಣಿ ಬಂತು, ಬೆಳದಿಂಗಳು ಬಂತು. ಅವರು ನಾಲಿಗೆ ಕಚ್ಚಿಕೊಂಡರು.

ಬಿಂದುಶ್ರೀಯ ತಾಳ ನಿಂತಿತು.

"ಅವತ್ತು ನೀವಿಬ್ರೂ ನಕ್ಕಿದ್ದು ಇದಕ್ಕೇ ಅಲ್ವಾ ಆಂಟಿ? ನಾನು ಕಷ್ಟಪಟ್ಟು ಹಾಡ್ತಿದ್ರೆ, ಇವಳೇನು ಸಿನಿಮಾ ಹಾಡಿಗೆ ಇಷ್ಟು ಬಿಂಕ ಮಾಡ್ತಾಳೆ ಅಂತ..."

"ಅಯ್ಯೋ ಶಿವನೇ. ನಿನ್ ನೋಡಿ ನಕ್ವಾ? ನಾವ್ ನಕ್ಕಿದ್ದು ನಮ್ಮತ್ತೆ ನೋಡಿ ಕಣೇ!"

ಗೋವಿಂದಮ್ಮ ಅವಳ ಕೈ ಹಿಡಿದುಕೊಂಡರು.

"ಮದ್ವೆಯಾಗಿ ಬಂದ ಹೊಸದ್ರಲ್ಲಿ ದೀಪ ಹಚ್ಚುವಾಗ ಈ ದೋಣಿ ಹಾಡು ಹಾಡ್ದೆ. ನಂಗೆ ಬರ್ತಿದ್ದಿದ್ದೇ ಅದೊಂದು. ನಮ್ಮತ್ತೆ ಬಂದು, 'ದೇವರ ಮನೇಲಿ ಸಿನಿಮಾ ಹಾಡಾ? ಬಾಯಿ ತೊಳ್ಕೊಂಡು ಬಾ' ಅಂದ್ರು. ಅವತ್ತಿಂದ ಆ ಹಾಡು ಹಿತ್ತಲಿಗೆ ಹೋಯ್ತು. ಪಾತ್ರೆ ಬೆಳಗುವಾಗ, ಸಿದ್ದು ಮಲಗಿಸುವಾಗ, ನನಗೊಬ್ಬಳಿಗೆ ಕೇಳೋ ಅಷ್ಟು. ನಿಮ್ಮನೆಗೆ ಬಂದ್ರೆ ನೀನು ಅದೇ ರಾಗ ದೇವರ ಮೇಲೆ ಹಾಡ್ತಾ ಇದೀಯ, ನಮ್ಮತ್ತೆ ಕೈ ಮುಗ್ಕೊಂಡು ಕೂತವ್ರೆ! 'ನೋಡೋ, ನಿಮ್ಮಜ್ಜಿ ದೋಣಿ ಹಾಡಿಗೆ ಕೈ ಮುಗೀತಾವ್ರೆ' ಅಂದೆ. ಹೆಂಗೆ ನಗು ತಡ್ಕೊಳ್ಳೋದು ಹೇಳು?"

ನಗುತ್ತ ಹೇಳುತ್ತಿದ್ದವರ ಕಣ್ಣು ಇದ್ದಕ್ಕಿದ್ದಂತೆ ತುಂಬಿತು.

"ಇಷ್ಟು ವರ್ಷ ನಾನು ಹಾಡಿದ್ದೂ ದೇವರ ರಾಗವೇ ಅಂತ ಯಾರೂ ಹೇಳಿರ್ಲಿಲ್ಲ ಕಣಮ್ಮ ನಂಗೆ. ನಿನ್ ಹಾಡು ಹೇಳ್ತು. ಅದಕ್ಕೇ ಪಾಠಕ್ಕೆ ಬಂದಿದ್ದು."

ಬಾಗಿಲಲ್ಲಿ ನಿಂತು 'ಮಿಕ್ಕಿದ್ದು ಹಾಡಲ್ವಾ' ಎಂದು ಕೇಳಿದ ಸಿದ್ಧಾರ್ಥನ ಮುಖ ಬಿಂದುಶ್ರೀಯ ಕಣ್ಣ ಮುಂದೆ ಬಂತು. ಕೊಂಕಲ್ಲ ಅದು... ಆಸೆ.

"ಈ ಭಾನುವಾರ ಜೆ.ಪಿ. ನಗರದಲ್ಲಿ ಹೆಣ್ಣು ನೋಡೋಕೆ ಹೋಗ್ಬೇಕು," ಎಂದರು ಗೋವಿಂದಮ್ಮ ಕಣ್ಣೊರೆಸಿಕೊಳ್ಳುತ್ತ. "ಅವರ ಜಾತಕ ಕೂಡೈತಂತೆ. ಇವನು ಮಾತ್ರ ಮುಖ ಊದಿಸ್ಕೊಂಡವ್ನೆ."

ಶನಿವಾರ ಮಧ್ಯಾಹ್ನ ಬಿಂದುಶ್ರೀ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿದಳು.

"ಎಲ್ಲಿಗಮ್ಮ?" ಎಂದರು ಬೋರಣ್ಣ.

"ಬಣ್ಣ ತರೋಕೆ."

"ಇಷ್ಟು ಅವಸರ ಏನು?"

"ಆಗಲೇ ತಡವಾಗಿದೆ ಅಪ್ಪ."

ಅಂಗಡಿಯಲ್ಲಿ ಬಣ್ಣ ಕಲಕುವ ಯಂತ್ರ ಗಡಗಡ ಅಲುಗುತ್ತಿತ್ತು. ಮನೆ ಕಟ್ಟಿಸುವ ಮೇಸ್ತ್ರಿ ಉಗ್ರಪ್ಪ ಮರದ ಸ್ಟೂಲಿನ ಮೇಲೆ ಕಾಯುತ್ತಿದ್ದ. ಅವಳನ್ನು ಕಂಡು ಸಿದ್ಧಾರ್ಥ ಕೈಯಲ್ಲಿದ್ದ ಡಬ್ಬಿಯನ್ನು ಎಲ್ಲಿಡುವುದೋ ತಿಳಿಯದೆ ಉಗ್ರಪ್ಪನ ಕೈಗೇ ಕೊಟ್ಟ.

"ಮೇಡಂ... ನೀವು?"

"ಗೋಡೆ ಒಣಗಿದೆ."

"ಯಾವ ಬಣ್ಣ ಬೇಕಿತ್ತು?"

"ಅದಕ್ಕೆ ಮುಂಚೆ ಒಂದು ಮಾತು. ಜಾತಕ ಕೂಡ್ಲಿಲ್ಲ ಅನ್ನೋದು ಸುಳ್ಳು. ನಾವು ನೋಡೇ ಇರ್ಲಿಲ್ಲ. ನಾನು ಬೇಡ ಅಂದೆ. ನೀವು ನನ್ನ ನೋಡಿ ನಕ್ಕಿದ್ದು ಅಂದ್ಕೊಂಡೆ."

ಸಿದ್ಧಾರ್ಥ ಯಂತ್ರವನ್ನು ಆರಿಸಿದ. ಅಂಗಡಿ ತಟ್ಟನೆ ನಿಶ್ಶಬ್ದವಾಯಿತು.

"ನಾನೂ ಒಂದು ಹೇಳ್ತೀನಿ. ನಮ್ಮಮ್ಮ ಆ ಹಾಡನ್ನ ಯಾವತ್ತೂ ಗಟ್ಟಿಯಾಗಿ ಹಾಡಿಲ್ಲ. ಚಿಕ್ಕವನಿದ್ದಾಗ ಅವರ ಕತ್ತಿಗೆ ಕಿವಿ ಅಂಟಿಸ್ಕೊಂಡು ಕೇಳ್ತಿದ್ದೆ. ಅವತ್ತು ನೀವು ಹಾಡಿದಾಗ ಅದು ಮೊದಲನೇ ಸಲ ತುಂಬಿದ ದನೀಲಿ ಕೇಳಿಸ್ತು. ಬಾಯಿ ತಾನಾಗೇ ಸೇರ್ಕೊಂಡ್ತು. ಕ್ಷಮಿಸಿ."

"ಕ್ಷಮೆ ನಾನು ಕೇಳಬೇಕು."

"ನಮ್ಮಲ್ಲಿ ಒಂದೇ ಬಣ್ಣ ದೇವರ ಮನೇಗೂ ಹೋಗುತ್ತೆ, ಜ್ಯೂಸ್ ಅಂಗಡಿಗೂ ಹೋಗುತ್ತೆ," ಎಂದ ಅವನು ತಲೆ ತಗ್ಗಿಸಿ. "ನಾನು ಯಾವತ್ತೂ ಒಂದನ್ನ ಕಮ್ಮಿ ಅಂದ್ಕೊಂಡಿಲ್ಲ. ಅಷ್ಟೇ ನನಗೆ ಗೊತ್ತಿರೋ ಸಂಗೀತ."

ಅವಳು ಬೇಕೆಂದೇ ಗೋಡೆಯ ಮೇಲಿನ ಬಣ್ಣದ ಕಾರ್ಡು ನೋಡುತ್ತ ಕೇಳಿದಳು. "ನಾಳೆ ಜೆ.ಪಿ. ನಗರ?"

"ಬರಲ್ಲ ಅಂದೆ. ಅಮ್ಮ ಯಾಕೆ ಅಂದ್ರು. 'ಮಂಗಳವಾರ ನಿಮ್ಮನ್ನ ಕ್ಲಾಸಿಗೆ ಬಿಡೋರು ಯಾರು' ಅಂದೆ."

ಬಿಂದುಶ್ರೀಗೆ ನಗು ಬಂತು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಚದುರಿಹೋದವು. ಆಗ ಅವಳು ಹಾಡಿದಳು. ಅವತ್ತು ನಿಲ್ಲಿಸಿದ ಜಾಗದಿಂದಲೇ. ಕೀರ್ತನೆಯನ್ನಲ್ಲ, ದೋಣಿ ಹಾಡನ್ನು.

'ಮೇಷ್ಟ್ರೇ, ಕ್ಷಮಿಸಿಬಿಡಿ. ಮಾತು ಸಿನಿಮಾದ್ದು. ರಾಗ ನೀವು ಕಲಿಸಿದ್ದೇ.'

ಹಾಡು ಮುಗಿಯುವವರೆಗೆ ಸಿದ್ಧಾರ್ಥ ಗುನುಗಲಿಲ್ಲ. ಸುಮ್ಮನೆ ಕೇಳಿದ. ಡಬ್ಬಿ ತಬ್ಬಿಕೊಂಡು ಕೂತಿದ್ದ ಉಗ್ರಪ್ಪ ಕೊನೆಗೆ ಬಾಯಿ ಬಿಟ್ಟ.

"ನೀವು ಮಾತಾಡ್ಕೊಳ್ಳಿ ಸಾರ್. ನನ್ ಗೋಡೆ ಎಲ್ಲೂ ಓಡ್ಹೋಗಲ್ಲ."

ದೀಪಾವಳಿ ಕಳೆದು ಅದೇ ನಡುಮನೆ, ಅದೇ ಸೋಫಾ. ಗೋಡೆಗೆ ಮಾತ್ರ ಹೊಸ ಅರಿಸಿನ ಬಣ್ಣ. ಮಾತುಕತೆ ಮುಗಿಸಲು ಎರಡೂ ಮನೆಯವರು ಸೇರಿದ್ದರು.

"ಅರ್ಧಕ್ಕೆ ನಿಂತಿತ್ತಲ್ಲಮ್ಮ, ಆ ಹಾಡು ಹೇಳು," ಎಂದರು ಅಜ್ಜಿ ಮಂಗಮ್ಮ.

ಬಿಂದುಶ್ರೀ ಕೀರ್ತನೆ ಎತ್ತಿಕೊಂಡಳು. ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದರು. ಗೋವಿಂದಮ್ಮ ತುಟಿಯಲ್ಲೇ, ಯಾರಿಗೂ ಕೇಳಿಸದಷ್ಟು ಸಣ್ಣಗೆ ಜೊತೆಗೂಡಿದರು.

ಅಜ್ಜಿ ಕಣ್ಣು ತೆರೆಯದೆ ಹೇಳಿದರು. "ಗೋವಿಂದು, ಗಟ್ಟಿಯಾಗಿ ಹಾಡೇ. ಹಿತ್ತಲಲ್ಲಿ ಹಾಡ್ತಿದ್ದಾಗ ನಂಗೆ ಅರ್ಧಂಬರ್ಧ ಕೇಳ್ತಿತ್ತು. ಕಿಟಕಿ ಹತ್ರ ನಿಂತ್ಕೊಂಡು ಕಾಲು ನೋವು ಬಂತೇ ಹೊರತು ಪೂರ್ತಿ ಕೇಳಿಸ್ಲಿಲ್ಲ."

ಗೋವಿಂದಮ್ಮ ಅತ್ತೆಯ ಮುಖವನ್ನೇ ನೋಡಿದರು. ಆಮೇಲೆ ದನಿ ಎತ್ತಿದರು. ತಾಳ ತಪ್ಪಿತು, ಸಾಹಿತ್ಯವೂ ತಪ್ಪಿ ನಡುವೆ ದೋಣಿ ನುಗ್ಗಿತು. ಯಾರೂ ತಿದ್ದಲಿಲ್ಲ.

ಆ ಹಾಡಿನ ಮರೆಯಲ್ಲಿ ಸಿದ್ಧಾರ್ಥ ಬಿಂದುಶ್ರೀಯ ಕಡೆ ಬಾಗಿದ.

"ಈಗಲಾದ್ರೂ ಜಾತಕ ನೋಡಿಸೋಣ್ವಾ?"

"ಬೇಡಪ್ಪ. ನಿಜವಾಗ್ಲೂ ಕೂಡದೇ ಹೋದ್ರೆ?"

"ಮತ್ತೆ ಕಿಟ್ಟಿ ಕೇಳಿದ್ರೆ?"

"ಸಖತ್ತಾಗಿ ಕೂಡಿದೆ ಅಂತ ನಾನಾಗಲೇ ಹೇಳ್ಬಿಟ್ಟೆ," ಎಂದು ಅವಳು ಮೆಲ್ಲಗೆ ಅವನ ಅಂಗೈಯಲ್ಲಿ ತನ್ನ ಅಂಗೈ ಇಟ್ಟಳು. ಬೆಚ್ಚಗಿತ್ತು.