ಕರಿಹೊಳೆಗೆ ಒಡೆದ ಮೂರು ಮೊಟ್ಟೆ

"ಬೊವಾಚಿ, ಇವತ್ತು ಕೂಸಿನ ಬಾಯಿ ತೆರೆಸಬೇಡ. ಅಕೋಮಾ ಕರಿಹೊಳೆಗೆ ಮೂರು ಮೊಟ್ಟೆ ಒಡೆದು, ಶಾಪ ಹಾಕಿ ಬಂದಿದಾಳೆ."

ಮುದುಕಿ ಪೊಕುವಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಮಗ ಬೊವಾಚಿ ನಕ್ಕ. ರಾಜಧಾನಿ ಅಕ್ರಾದಿಂದ ಊರಿಗೆ ಬಂದು ಆರು ತಿಂಗಳಾಗಿರಲಿಲ್ಲ. ಅಷ್ಟರಲ್ಲೇ ತಂಗಿಯ ಮಗಳು, ಒಂಬತ್ತು ವರ್ಷದ ಅಫ್ರಿಯೆಯನ್ನು ಫೋನಿನ ಲೈವಿನಲ್ಲಿ ಕುಮಾಸಿಯ ಪುಟ್ಟ ಪ್ರವಾದಿನಿ ಮಾಡಿ, ಕಾರು ಕೊಂಡಿದ್ದ.

"ಆಮ್ಲೆಟ್ಟಿಗಾದರೂ ಆಗ್ತಿತ್ತಲ್ಲಮ್ಮಾ!"

"ನಗಬೇಡ್ವೋ. ಔಷಧಿ ಬಿಸಾಕು, ಕಾಣಿಕೆ ಕಳಿಸು, ಮಗ ಎದ್ದು ಕೂರ್ತಾನೆ ಅಂತ ಅವಳಿಗೆ ಕೂಸಿನ ಬಾಯಲ್ಲಿ ಹೇಳಿಸಿದೆ. ಹುಡುಗ ಮಣ್ಣು ಸೇರಿದ. ಊರೆದುರು ತಪ್ಪೊಪ್ಕೋ. ಸ್ವಂತ ಬಾಯಿಂದ ಒಪ್ಪಿದರೆ ಮಾತ್ರ ಹೊಳೆ ಬಿಡೋದು."

"ಹೇಳಿದ್ದು ನಾನಾ? ಅಫ್ರಿಯೆ. ಹಿಡಿದರೆ ಅವಳನ್ನೇ ಹಿಡೀಲಿ."

ಮೂಲೆಯಲ್ಲಿದ್ದ ಅಫ್ರಿಯೆ ಅದನ್ನು ಕೇಳಿಸಿಕೊಂಡಳು.

ನಡುಮಧ್ಯಾಹ್ನ. ತಗಡಿನ ಮಾಡು ಕಾದು ಟಕಟಕ ಅನ್ನುತ್ತಿತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ಬಾಗಿಲು ಮುಚ್ಚಿದರೆ ಹಗಲೇ ಕತ್ತಲು. ಹುಡುಗಿಯ ಬಿಳಿ ತಲೆವಸ್ತ್ರದೊಳಗೆ ಇಯರ್‌ಫೋನ್ ಸಿಕ್ಕಿಸಿ, ಬೊವಾಚಿ ಮೈಕು ಹಿಡಿದು ಅಡ್ಡ ಕಟ್ಟಿದ ಪರದೆಯ ಹಿಂದೆ ಕೂತ. ಅವನು ಪಿಸುಗುಟ್ಟಬೇಕು, ಅವಳು ಗುಡುಗಬೇಕು. ಲೈವಿನಲ್ಲಿ ಆಗಲೇ ಸಾವಿರಾರು ಜನ.

ಆಗ ವಾಸನೆ ಬಂತು. ಕೊಳೆತ ಮೊಟ್ಟೆ. ಹಳೆಯ ಕೆಸರು.

"ಮಕ್ಕಳಿಲ್ಲದವಳೊಬ್ಬಳು ನೋಡ್ತಿದಾಳೆ ಅನ್ನು," ಎಂದು ಪಿಸುಗುಟ್ಟಲು ಹೋದ. ಮಾತು ಹೊರಡಲಿಲ್ಲ. ಗುಳುಗುಳು ಎಂದಿತು. ಗಂಟಲಿನಿಂದ ತಣ್ಣನೆಯ ಕರಿನೀರು ಉಕ್ಕಿತು.

ಅಫ್ರಿಯೆಯ ಕಿವಿಯೊಳಗೆ ಹೊಳೆ ಹರಿಯುತ್ತಿತ್ತು. ಅವಳು ತನ್ನ ತುಟಿ ಮುಟ್ಟಿ ನೋಡಿಕೊಂಡಳು. ಬೆರಳಿಗೆ ತೇವ ಅಂಟಿತು. ಕರಿ ತೇವ.

ತಲೆವಸ್ತ್ರ ಕಿತ್ತೆಸೆದಳು. ಇಯರ್‌ಫೋನನ್ನು ಕ್ಯಾಮೆರಾದ ಮುಂದೆ ಹಿಡಿದಳು.

"ನನಗೆ ಯಾವ ದೇವರೂ ಏನೂ ಹೇಳಿಲ್ಲ! ಹೇಳ್ಕೊಡ್ತಿದ್ದಿದ್ದು ನಮ್ಮ ಮಾವ. ಅಕೋಮಾ ಅತ್ತೇ, ಔಷಧಿ ಬಿಸಾಕು ಅಂದ ಬಾಯಿ ನಂದು. ನಂದೂ ತಪ್ಪು. ಇನ್ನು ಹೊಡೆದರೂ ಹೇಳಲ್ಲ, ಕೊಂದರೂ ಹೇಳಲ್ಲ!"

ತುಟಿಯ ಕರಿ ತೇವ ಒಣಗಿತು.

ಪರದೆಯನ್ನು ಸರ್ರನೆ ಎಳೆದಳು. "ಮಾವಾ, ಈಗ ನೀನು ಹೇಳು!"

ಪೊಕುವಾ ಒಳಗೆ ಓಡಿ ಬಂದಳು. "ಒಪ್ಕೊಳೋ ನನ್ನಪ್ಪಾ! ಒಂದೇ ಒಂದು ಮಾತು!"

ಬಾಯಿ ತೆರೆದ. ನೀರು. ಮತ್ತೆ ತೆರೆದ. ನೀರು. ಮೊಟ್ಟೆಯ ಸಿಪ್ಪೆಯ ಚೂರು. ಎರಡೂ ಕೈ ಮುಗಿದ. ಹೊಳೆಗೆ ಕೈ ಬೇಕಿರಲಿಲ್ಲ. ಬಾಯಿ ಬೇಕಿತ್ತು.

ಕಣ್ಣು ಮೇಲಾಗಿ ನೆಲಕ್ಕೆ ಉರುಳಿದ. ಉಸಿರು ನಿಂತಿತ್ತು.

ಫೋನಿನಲ್ಲಿ ಮಾತ್ರ ಆಮೆನ್, ಆಮೆನ್ ಎಂದು ಸಾಲು ಏರುತ್ತಲೇ ಇತ್ತು. ಪವಾಡ ಅಂದುಕೊಂಡು ಯಾರೋ ಕಾಣಿಕೆಯನ್ನೂ ಕಳಿಸಿದರು. ಅಫ್ರಿಯೆ ಆ ಫೋನನ್ನು ಎತ್ತಿ, ಮಾವನ ತಲೆಯ ಸುತ್ತ ನಿಂತಿದ್ದ ಕರಿನೀರಿನಲ್ಲಿ ಅದ್ದಿ ಹಿಡಿದಳು, ಬೆಳಕು ಆರುವ ತನಕ.