ಸೊಣ್ಣಪ್ಪನ ದನಿ ಕಾಯ್ದವನು

"ನಮ್ಮಪ್ಪನ ದನಿ ನಾನು ಕೇಳೋಕೆ ನಿಮ್ಮ ಅಪ್ಪಣೆ ಬೇಕಾ?"

ರಾಬರ್ಟ್‌ಸನ್‌ಪೇಟೆಯ ಆ ಸಣ್ಣ ಅಂಗಡಿಯ ಬಾಗಿಲಲ್ಲಿ ನಿಂತು ಸುಮಲತ ಆಡಿದ ಮೊದಲ ಮಾತೇ ಅದು.

ಕಂಪ್ಯೂಟರೊಂದನ್ನು ಬಿಚ್ಚಿಟ್ಟುಕೊಂಡು ಕೂತಿದ್ದ ಬಾಲಾಜಿ ತಲೆ ಎತ್ತಿದ. ಬಿಸಿಲಲ್ಲಿ ಕೆಂಪಾಗಿದ್ದ ಅವಳ ಮುಖ ನೋಡಿ, ಉತ್ತರ ಕೊಡುವ ಮೊದಲು ಫ್ಯಾನನ್ನು ಅವಳತ್ತ ತಿರುಗಿಸಿದ.

"ಕೂತ್ಕೊಳ್ಳಿ. ಸೊಣ್ಣಪ್ಪನವರ ಮಗಳಲ್ವಾ ನೀವು?"

ಎಂದೂ ಮಾತಾಡಿಸಿರದ ಇವನಿಗೆ ನಾನು ಹೇಗೆ ಗೊತ್ತು? ಅವಳ ಅನುಮಾನ ಅಲ್ಲಿಂದಲೇ ಶುರುವಾಯಿತು.

ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಹಸು ಸಾಕಿಕೊಂಡಿದ್ದ ಸೊಣ್ಣಪ್ಪ, ತೀರಿಕೊಳ್ಳುವ ಮುಂಚೆ, ಕಾಯಿಲೆ ಬಿದ್ದಾಗ, ಬಾಲಾಜಿಯಿಂದ ಒಂದು ಪೆಟ್ಟಿಗೆ ಮಾಡಿಸಿದ್ದರು. ಟಿಫನ್ ಡಬ್ಬಿಯಷ್ಟೇ ಅದು. ಮನೆಯ ಫೋಟೋಗಳು, ಹೆಂಡತಿಗೊಂದು ಮಗಳಿಗೊಂದು ಎಂದು ಒಬ್ಬರೇ ಕೂತು ಆಡಿಟ್ಟ ಮಾತು, ಎಲ್ಲ ಅದರೊಳಗೆ. ಯಾವ ಕಂಪನಿಯ ಕೈಗೂ ಸಿಗದೆ ಮನೆಯಲ್ಲೇ ಇರಬೇಕು, ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕು ಎಂಬುದು ಅವರ ಆಸೆ.

ತೆರೆಯಲು ಮೂರು ಗುಟ್ಟಿನ ಪದಗಳು. ಒಂದು ಹೆಂಡತಿ ಅಶ್ವತ್ಥಮ್ಮನಿಗೆ, ಒಂದು ಮಗಳಿಗೆ, ಒಂದು ಬಾಲಾಜಿಗೆ. ಒಬ್ಬರಿಂದಲೇ ಆಗದು, ಯಾರಾದರೂ ಇಬ್ಬರು ಸೇರಬೇಕು. ಹಾಗಾಗಿ ಒಬ್ಬರು ಮರೆತರೂ, ಇಲ್ಲವಾದರೂ ಪೆಟ್ಟಿಗೆಗೆ ಕುಂದಿಲ್ಲ.

ಅಮ್ಮ ತನ್ನ ಪದ ಮರೆತುಹೋಯಿತು ಎಂದಿದ್ದಳು. ಉಳಿದವನು ಇವನೊಬ್ಬನೇ.

"ಈಗ ಆಗಲ್ಲ," ಎಂದ ಬಾಲಾಜಿ. ಯಾಕೆಂದು ಎಷ್ಟು ಕೇಳಿದರೂ ಹೇಳಲಿಲ್ಲ.

ಅದೇ ಬೀದಿಯ ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ದಿನವೂ ಊಟದ ಹೊತ್ತಿಗೆ ಹೋಗಿ ಕೇಳುವಳು. ಅವನು ಟೀ ತರಿಸುವನು, ಕಾರಣ ಮಾತ್ರ ಹೇಳನು.

ಅಪ್ಪನ ಮುಖ ಫೋಟೋದಲ್ಲಿತ್ತು. ದನಿ ಮಾತ್ರ ಮಸುಕಾಗುತ್ತಿತ್ತು. ಒಂದು ಬೆಳಿಗ್ಗೆ, ಅಪ್ಪ 'ಸುಮಾ' ಎಂದು ಕರೆಯುತ್ತಿದ್ದುದು ಹೇಗೆಂದು ಎಷ್ಟು ನೆನೆದರೂ ಕಿವಿಗೆ ಬರಲೇ ಇಲ್ಲ...

ಸತ್ತವರ ದನಿಯಲ್ಲಿ ಫೋನ್ ಮಾಡಿ ಮೋಸ ಮಾಡುವವರಿದ್ದಾರಂತೆ. ಇವನು ಅಪ್ಪನ ದನಿಯನ್ನೇನಾದರೂ ಮಾರಿಕೊಂಡನೇ?

ಹಾಗೆ ಯೋಚಿಸುತ್ತಲೇ ಮರುದಿನ ಕನ್ನಡಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಂತಳು. ನಂಬಲಾಗದವನ ಕಡೆಗೇ ಈ ಮನಸ್ಸು ಯಾಕೆ ವಾಲುತ್ತಿದೆ?

ಒಂದು ಮಧ್ಯಾಹ್ನ ಬೇಗ ಊರಿಗೆ ಬಂದರೆ, ಕೊಟ್ಟಿಗೆಯ ಪಕ್ಕ ಬಾಲಾಜಿಯ ಸ್ಕೂಟರ್! ಒಳಗೆ ಅಮ್ಮನೂ ಅವನೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅವಳನ್ನು ಕಂಡು ಅವನು ತಲೆ ತಗ್ಗಿಸಿಕೊಂಡು ಹೊರಟುಹೋದ.

"ಅವರು ಇಲ್ಲಿಗ್ಯಾಕೆ ಬರ್ತಾರೆ? ಏನು ಕದೀತಿದಾರೆ?"

"ಆ ಉಡುಗನ್ನ ಬೈಬ್ಯಾಡ ಕಣೇ," ಎಂದಳು ಅಶ್ವತ್ಥಮ್ಮ. "ತೆಗೀಬ್ಯಾಡ ಅಂದೋಳು ನಾನು. ನಿಂಗೂ ಏಳ್ಬಾರ್ದು ಅಂತ ಆಣೆ ಮಾಡಿಸ್ಕಂಡಿದ್ದೆ."

"ಪದ ಮರೆತೋಯ್ತು ಅಂದ್ಯಲ್ಲ?"

"ಮರೀತೀನಾ ಅದನ್ನ? ನಿಮ್ಮಪ್ಪ ನಂಗೆ ಇನ್ನೂ ಏನೋ ಏಳೋದೈತೆ ಅಂತ ಬದುಕಿದೀನಿ ಸುಮಾ. ಕೇಳ್ಬಿಟ್ರೆ ಆಯಪ್ಪನ ಮಾತು ಮುಗುದೋಯ್ತದೆ."

ಆಮೇಲೆ ಉಳಿದದ್ದನ್ನೂ ಹೇಳಿದಳು. ಕರೆಂಟು ಹೋಗಿ ಪೆಟ್ಟಿಗೆಯ ದೀಪ ಆರಿದಾಗೆಲ್ಲ ಅವಳಿಗೆ ಜೀವ ಹಾರುತ್ತಿತ್ತು. ಫೋನ್ ಮಾಡಿದರೆ ಸಾಕು, ಆಂಡರ್ಸನ್‌ಪೇಟೆಯ ತನ್ನ ಮನೆಯಿಂದ ಬಾಲಾಜಿ ಬಂದು ನೋಡಿ, ಎಲ್ಲ ಹಾಗೇ ಇದೆ ಎಂದು ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದ. ಮಲಗಿದಲ್ಲಿಂದಲೇ ದೀಪ ಕಾಣಲಿ ಎಂದು ಪೆಟ್ಟಿಗೆಯನ್ನು ಅವಳ ಹಾಸಿಗೆಯತ್ತ ತಿರುಗಿಸಿಟ್ಟವನೂ ಅವನೇ.

ಸುಮಲತಳಿಗೆ ಸಿಟ್ಟು ಬರಲಿಲ್ಲ. ಅಮ್ಮನ ಪಕ್ಕ ಕೂತಳು.

"ಅಮ್ಮಾ, ಅಪ್ಪ ನನ್ನ ಎಂಗೆ ಕರೀತಿತ್ತು ಅನ್ನೋದೇ ಮರೆತೋಗ್ತೈತೆ."

ಅಶ್ವತ್ಥಮ್ಮ ಸೆರಗಿನಿಂದ ಮಗಳ ಕಣ್ಣೊರೆಸಿ, "ಅವನ್ನ ಕರ್ಸು. ನಿಂದು ನೀನು ಕೇಳು. ನಂದು ಅಂಗೇ ಇರ್ಲಿ," ಎಂದಳು.

ಭಾನುವಾರ ಅಮ್ಮ ಹಸು ಹೊಡೆದುಕೊಂಡು ಹೊಲದ ಕಡೆ ಹೋದಳು. ಬಾಲಾಜಿ ಗೋಡೆಗೆ ಮುಖ ಮಾಡಿ ನಿಂತಾಗ ಸುಮಲತ ಪೆಟ್ಟಿಗೆಗೆ ಜೋಡಿಸಿದ ಕೀಬೋರ್ಡಿನಲ್ಲಿ ತನ್ನ ಪದ ಒತ್ತಿದಳು. ಅವನು ಒತ್ತುವಾಗ ಅವಳು ತಿರುಗಿ ನಿಂತಳು.

ಇಯರ್‌ಫೋನಿನಲ್ಲಿ ಮೊದಲು ಒಂದು ಕೆಮ್ಮು. ಆಮೇಲೆ, ಎಳೆದೆಳೆದು, "ಸುಮಾ..."

ಅವಳು ತಟಕ್ಕನೆ ನಿಲ್ಲಿಸಿದಳು. ಮುಂದಿನದನ್ನು ಒಬ್ಬಳೇ ಕೇಳುವ ಧೈರ್ಯ ಇರಲಿಲ್ಲ.

"ನಿಮ್ಮನ್ನ ಕಳ್ಳ ಅಂದ್ಕೊಂಡಿದ್ದೆ," ಎಂದಳು ಅಳುತ್ತಲೇ.

"ಗೊತ್ತಿತ್ತು," ಎಂದ ಬಾಲಾಜಿ. "ನಾಳೆಯಿಂದ ನೀವು ಅಂಗಡಿಗೆ ಬರದೇ ಹೋದ್ರೆ ಅಂತ ದಿನಾ ಭಯ ಆಗ್ತಿತ್ತು. ಆದ್ರೂ ನಿಮ್ಮಮ್ಮಂಗೆ ಕೊಟ್ಟ ಮಾತು..."

ಅವಳು ಇಯರ್‌ಫೋನಿನ ಒಂದು ತುದಿಯನ್ನು ಅವನತ್ತ ಚಾಚಿದಳು. ಅವನು ಹಿಂದೆ ಸರಿದ.

"ಬೇಡ. ಅದು ಮನೆಯವರಿಗೆ ಆಡಿದ ಮಾತು. ನಾನು ಹೊರಗಿನವನು."

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ.

"ಹೊರಗೇ ಇರ್ಬೇಕು ಅಂತ ಯಾರಂದ್ರು?"

"ಒಳಗೆ ಬಾ ಅಂತ ಕರೆಯೋರು ಕರೀಬೇಕಲ್ಲ..."

ಸುಮಲತ ಚಾಪೆಯ ಮೇಲೆ ಸರಿದು, ಪಕ್ಕದಲ್ಲಿ ಅವನಿಗೆ ಜಾಗ ಮಾಡಿದಳು.

"ಬನ್ನಿ. ಅಪ್ಪ ಕಾಯ್ತಿದಾರೆ."